ಬಣ್ಣಕ್ಕೆ ಬಿಡದ ಜಾಗ

ಕ್ರೇನ್ ಓಡಿಸುವವನು ಜೇಬಿನಿಂದ ತೆಗೆದ ಹಳದಿ ಇಕ್ಕಳವನ್ನು ಶವಪೆಟ್ಟಿಗೆಯೊಳಗೆ, ಮುದುಕನ ಕೈಪಕ್ಕ ಇಡುತ್ತಿದ್ದ. ಮಣ್ಣು ಅಗೆಯುವ ಯಂತ್ರದ ತೋಳಿಗೆ ಸಿಕ್ಕಿಸುವ ಎರಡು ದವಡೆಯ ಇಕ್ಕಳ ಅದು. ಗಾತ್ರ ಮಾತ್ರ ಅಂಗೈಯಗಲ. ರಿಮೋಟಿನಲ್ಲಿ ಓಡುವ ಪುಟ್ಟ ಯಂತ್ರಗಳಿಗೆ ಇಂಥವನ್ನು ಮಾಡಿಕೊಡುತ್ತಲೇ ಮುದುಕನ ಮೂವತ್ತು ವರ್ಷ ಕಳೆದಿತ್ತು. ಬಕೆಟ್ಟಾಗಲಿ, ಬಂಡೆ ಒಡೆಯುವ ಉಳಿಯಾಗಲಿ, ನೋಡಲು ಚೆನ್ನಾಗಿದ್ದರೆ ಅವನಿಗೆ ಸಾಲದು; ಕೆಲಸ ಮಾಡಬೇಕು.

“ನನ್ನ ಪುಟ್ಟ ಯಂತ್ರಕ್ಕೆ ಕೊನೇದಾಗಿ ಮಾಡಿಕೊಟ್ಟಿದ್ದು ಇದೇ,” ಎಂದ ಕ್ರೇನಿನವನು. “ಮೂರನೇ ದಿನಕ್ಕೇ ಮೋಟಾರು ಸುಟ್ಟೋಯ್ತು. ಪಾಪ, ವಯಸ್ಸಾಗಿತ್ತಲ್ಲ, ಅಳತೆ ತಪ್ಪಿಹೋಯ್ತು.”

“ಹೌದಪ್ಪ, ಕೊನೆಕೊನೆಗೆ ಅಣ್ಣನಿಗೆ ಏನೂ ನೆನಪಿರ್ತಿರಲಿಲ್ಲ,” ಎಂದು ಮುದುಕನ ತಂಗಿ ಒಗ್ಗರಣೆ ಹಾಕಿದಳು. ಕೋಣೆಯಲ್ಲಿದ್ದವರೆಲ್ಲ ತಲೆಯಾಡಿಸಿದರು.

ಮುದುಕನ ಮಗಳು ಮಾತ್ರ ಇಕ್ಕಳವನ್ನೇ ನೋಡುತ್ತಿದ್ದಳು. ಇನ್ನು ಹತ್ತು ನಿಮಿಷಕ್ಕೆ ಪೆಟ್ಟಿಗೆಯ ಮುಚ್ಚಳ ಬೀಳುತ್ತದೆ. ಅವಳ ತಪ್ಪು ಅಪ್ಪನ ಹೆಸರಿನಲ್ಲೇ ಮಣ್ಣಿಗೆ ಹೋಗುತ್ತದೆ.

* * *

ಆ ಇಕ್ಕಳದ ನಕ್ಷೆ ಅವಳದು. ಅಪ್ಪನ ಕಣ್ಣು ಮಂಜಾದ ಮೇಲೆ ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಕೆಲಸ ಅವಳ ಪಾಲಿಗೆ ಬಂದಿತ್ತು.

“ಹಲ್ಲುಗಳ ನಡುವೆ ಬಣ್ಣಕ್ಕೆ ಜಾಗ ಬಿಟ್ಟಿದ್ದೀಯೇನೇ?” ಎಂದು ಅಪ್ಪ ಕೇಳಿದ್ದ.

“ಬಣ್ಣಕ್ಕೆ ಎಂಥ ಜಾಗ ಅಪ್ಪಾ! ಅದೇನು ಬಾಡಿಗೆಗೆ ಬರುತ್ತಾ?”

“ದೊಡ್ಡ ಯಂತ್ರಕ್ಕಾದ್ರೆ ಬೇಡ. ನಮ್ಮದು ಹದಿನಾಲ್ಕು ಪಟ್ಟು ಚಿಕ್ಕದು. ಬಣ್ಣದ ದಪ್ಪ ಮಾತ್ರ ಚಿಕ್ಕದಾಗಲ್ಲ.”

ಬಿಟ್ಟಿದ್ದೇನೆ ಎಂದು ಹೇಳಿ ಊಟಕ್ಕೆ ಎದ್ದಿದ್ದಳು. ಬಿಟ್ಟಿರಲಿಲ್ಲ. ಎರಡು ಸಲ ಬಣ್ಣ ಬಳಿದ ಮೇಲೆ ದವಡೆ ಮುಚ್ಚುವ ಮೊದಲೇ ಹಲ್ಲುಗಳು ಕಚ್ಚಿಕೊಂಡವು. ದವಡೆ ಪೂರ್ತಿ ಮುಚ್ಚಿದರಷ್ಟೇ ನಿಲ್ಲುವ ಮೋಟಾರು, ನಿಲ್ಲಲಾರದೆ ತಿಣುಕಿ ತಿಣುಕಿ ಸುಟ್ಟಿತು. ದೂರು ಬಂದಾಗ ಅಪ್ಪ ಅವಳ ಮುಖ ನೋಡಿದ. ಅವಳು ಪರದೆ ನೋಡುತ್ತ ಕೂತಳು. ‘ತಪ್ಪು ನನ್ನದು’ ಎಂದು ಅವನೇ ಉತ್ತರ ಬರೆದ. ಸುದ್ದಿ ಹರಡಿ, ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಅಪ್ಪ ಒಂದು ದಿನವೂ ಆ ಮಾತೆತ್ತಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

* * *

“ಅಪ್ಪನ ಅಳತೆ ತಪ್ಪಿಲ್ಲ,” ಎಂದಳು ಮಗಳು. ದನಿ ಅವಳೆಣಿಸಿದ್ದಕ್ಕಿಂತ ಜೋರಾಯಿತು. “ನಕ್ಷೆ ನಂದು. ಬಣ್ಣಕ್ಕೆ ಜಾಗ ಬಿಡು ಅಂದಿದ್ದ. ನಾನು ಬಿಡ್ಲಿಲ್ಲ. ಬಿಟ್ಟಿದ್ದೀನಿ ಅಂತ ಸುಳ್ಳು ಹೇಳ್ದೆ.”

“ಈಗ್ಯಾಕೆ ಅದೆಲ್ಲ? ಸುಮ್ನಿರೇ,” ಎಂದು ಅತ್ತೆ ಅವಳ ತೋಳು ಹಿಡಿದಳು.

ಕ್ರೇನಿನವನು ಮುದುಕನ ಮುಖ ನೋಡಿದ. ಆಮೇಲೆ ಇಕ್ಕಳವನ್ನು ಪೆಟ್ಟಿಗೆಯಿಂದ ತೆಗೆದು ಅವಳ ಕೈಗಿಟ್ಟ.

“ಹಾಗಾದ್ರೆ ಇದನ್ನ ಹೀಗೇ ಕಳಿಸೋದು ಬೇಡ. ಸರಿಮಾಡಿ ಕೊಡಮ್ಮ.”

ಅವಳು ಅಪ್ಪನ ಮೇಜಿನಿಂದ ಚೂರಿ ತಂದು, ಅಲ್ಲೇ ನೆಲದ ಮೇಲೆ ಕೂತು ಹಲ್ಲಿನ ಬಣ್ಣ ಕೆರೆಯತೊಡಗಿದಳು. ಕಣ್ಣು ಮಂಜಾದಾಗಲೆಲ್ಲ ನಿಲ್ಲಿಸಿ ಒರೆಸಿಕೊಂಡಳು. ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಕ್ರೇನಿನವನು ಕಿಟಕಿಯಿಂದ ಕೈ ಎತ್ತಿದ.

“ತಡಿಯಪ್ಪಾ, ಒಳಗೆ ಕೆಲಸ ನಡೀತಿದೆ.”

ಪೆಟ್ಟಿಗೆಗೆ ಮುಚ್ಚಳ ಹಾಕಲು ಬಗ್ಗಿದ್ದ ನಾಲ್ವರೂ ಮತ್ತೆ ನೆಟ್ಟಗಾಗಿ, ಕೈಕಟ್ಟಿಕೊಂಡು ನಿಂತರು.