ತಕರಾರಮ್ಮನ ಸತ್ತ ನಳಿಕೆ

ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ನೇರಳೆ ಬಣ್ಣಕ್ಕೆ ತಿರುಗಿದ್ದ, ಬರಿಗೈಯಲ್ಲಿ ನಡೆಯುವಾಗಲೂ ಆ ಎರಡು ಬೆರಳುಗಳ ನಡುವೆ ಕಾಣದ ಗಾಜಿನ ನಳಿಕೆಯೊಂದನ್ನು ನೆಟ್ಟಗೆ ಹಿಡಿದವರಂತೆ ಮೊಣಕೈ ಮಡಿಸಿ, ಭುಜ ಅಲುಗಿಸದೆ, ಹಿಮ್ಮಡಿಯ ಸಪ್ಪಳ ಮಾತ್ರ ಓಣಿಯ ಆ ತುದಿಗೂ ಕೇಳುವಂತೆ ನಡೆಯುತ್ತಿದ್ದ ಆ ಹೆಂಗಸನ್ನು ನಮ್ಮ ಸಂಶೋಧನಾಲಯದಲ್ಲಿ ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ತಕರಾರಮ್ಮ. ಬೆರಳಿಗೆ ಆ ಬಣ್ಣ ಹತ್ತಿಸಿದ್ದು ಚಿನ್ನ. ಇಪ್ಪತ್ತೊಂಬತ್ತು ವರ್ಷ ಚಿನ್ನದ ಲವಣ ಕರಗಿಸಿ ಕುದಿಸಿದ ಆ ಕೈಗಳಲ್ಲಿ ಒಂದು ಉಂಗುರವೂ ಇರಲಿಲ್ಲ. ಅವರ ಬಿಳಿ ಕೋಟಿನ ಎಡಜೇಬು ಹರಿದುಹೋದಾಗ ಗಂಡನ ಹಳೆಯ ಪ್ಯಾಂಟಿನಿಂದ ಕಂದು ಬಟ್ಟೆಯ ಜೇಬೊಂದನ್ನು ಕತ್ತರಿಸಿ ಹೊಲಿದುಕೊಂಡಿದ್ದರು. ಹೊಸ ಕೋಟು ಎರಡು ಸಲ ಬಂತು, ಎರಡು ಸಲವೂ ಬೀರುವಿನಲ್ಲೇ ಉಳಿಯಿತು.

ಚಿನ್ನವೆಂದರೆ ಹಳದಿ ಎಂದು ನಂಬಿದ್ದ ನನ್ನನ್ನು ಅವರು ಒಮ್ಮೆ ಪಕ್ಕದಲ್ಲಿ ನಿಲ್ಲಿಸಿಕೊಂಡು ತೋರಿಸಿದ್ದರು. ಕುದಿಯುವ ತೆಳು ಹಳದಿ ದ್ರವಕ್ಕೆ ನಿಂಬೆಹುಳಿಯ ಲವಣ ಸುರಿದರು. ಬಣ್ಣವೆಲ್ಲ ಮಾಯವಾಯಿತು, ಅರೆಕ್ಷಣ ಬೂದಿಗಪ್ಪಾಯಿತು, ಆಮೇಲೆ ದಾಳಿಂಬೆ ರಸದ ಕೆಂಪು ತಳದಿಂದ ಮೇಲಕ್ಕೆ ಏರಿಬಂತು. ಕೂದಲೆಳೆಯ ದಪ್ಪದ ಐದು ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಚಿನ್ನದ ಕಣಗಳು ಬಿಡಿಬಿಡಿಯಾಗಿ ತೇಲುವವರೆಗೆ ಕೆಂಪು, ಒಂದಕ್ಕೊಂದು ಅಂಟಿಕೊಂಡರೆ ನೀಲಿ. ಗಾಜಿನಲ್ಲಿ ಕಣ್ಣಿಗೆ ಕಾಣದಷ್ಟು ಕೊಳೆಯಿದ್ದರೂ ಸಾಕು, ದಿನದ ಕೆಲಸವೆಲ್ಲ ನೀರುಪಾಲು. ಆದ್ದರಿಂದ ಚಿನ್ನವನ್ನೂ ಕರಗಿಸುವ ಆಮ್ಲದಲ್ಲಿ ತಮ್ಮ ಪಾತ್ರೆಗಳನ್ನು ತಾವೇ ತೊಳೆಯುತ್ತಿದ್ದರು. ಬೇರೆಯವರು ತೊಳೆದದ್ದನ್ನು ಬೆಳಕಿಗೆ ಹಿಡಿದು, ಒಂದು ಮಾತೂ ಆಡದೆ ಮತ್ತೆ ತೊಳೆಯುತ್ತಿದ್ದರು. ಒಂದು ಮಾತೂ ಆಡದೇ ಇದ್ದದ್ದೇ ಬೇರೆಯವರಿಗೆ ಹೆಚ್ಚು ಉರಿಯುತ್ತಿತ್ತು.

ಅವರ ದೊಡ್ಡ ಹಠ ಸತ್ತ ನಳಿಕೆಯದು. ಯಾವ ಪರೀಕ್ಷೆ ಮಾಡಿದರೂ ಎರಡು ನಳಿಕೆ ಇಡುವರು: ಒಂದರಲ್ಲಿ ರಕ್ತದ ಮಾದರಿ ಇದ್ದ ಹಾಗೆಯೇ, ಇನ್ನೊಂದರಲ್ಲಿ ಅದೇ ಮಾದರಿ ಕುದಿಸಿದ್ದು. ಕುದಿಸಿದರೆ ರಕ್ತದಲ್ಲಿನ ಕಿಣ್ವ ಸಾಯುತ್ತದೆ. ಜೀವಂತ ನಳಿಕೆ ಬಣ್ಣ ಬದಲಿಸಿ, ಸತ್ತ ನಳಿಕೆ ಕೆಂಪಾಗಿಯೇ ಉಳಿದರೆ, ಬಣ್ಣ ಬದಲಿಸಿದ್ದು ಕಿಣ್ವವೇ ಎಂದು ನಂಬಬಹುದು. ಎರಡೂ ಬದಲಾದರೆ ಒಳಗೆ ಇನ್ಯಾವುದೋ ಕಳ್ಳ ಕೂತಿದ್ದಾನೆ. ಯಾರಾದರೂ ಫಲಿತಾಂಶ ಹಿಡಿದುಕೊಂಡು ಹಿಗ್ಗಿ ಬಂದರೆ ಇವರದು ಒಂದೇ ಪ್ರಶ್ನೆ, "ಸತ್ತದ್ದನ್ನ ಕೇಳಿದ್ರಾ?" ತಮ್ಮದೇ ಮಂಡಿನೋವು ಮಾತ್ರೆಯಿಂದ ಗುಣವಾಯಿತೆನ್ನುವಾಗಲೇ ಆ ಮಾತ್ರೆಯನ್ನು ಎರಡು ವಾರ ಬಿಟ್ಟು ನೋಡಿ, ಮಾತ್ರೆಗೂ ಮಂಡಿಗೂ ಸಂಬಂಧವಿಲ್ಲವೆಂದು ವೈದ್ಯರಿಗೇ ಹೇಳಿ ಬಂದಿದ್ದರು. ಗಣಿತದ ಮೇಷ್ಟರಾದ ಅವರ ಗಂಡ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ ಮನುಷ್ಯ. "ಮದುವೆಗೆ ಮುಂಚೆ ನನ್ನ ಪಕ್ಕದಲ್ಲಿ ಇನ್ನೊಬ್ಬನ್ನ ಕುದಿಸಿ ಇಟ್ಟು ನೋಡಿದ್ಲೋ ಏನೋ," ಎಂದು ಅತಿಥಿಗಳ ಮುಂದೆ ನಗಿಸುತ್ತಿದ್ದರು.

ನಗುವ ಕಾಲ ಅಲ್ಲಿಗೇ ಮುಗಿಯಿತು. ಕೆಲವು ಶಿಶುಗಳ ದೇಹದಲ್ಲಿ ಒಂದು ಜೀವಸತ್ವವನ್ನು ಬಿಡಿಸಿಕೊಡುವ ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲ. ನೋಡಲು ಲಕ್ಷಣವಾಗಿರುವ ಮಗು, ತಿಂಗಳುಗಳು ಕಳೆದಂತೆ ಅಪಸ್ಮಾರದಂಥ ಸೆಳವಿಗೆ ಬೀಳುತ್ತದೆ, ಕಿವಿ ಹೋಗುತ್ತದೆ, ಹೋದ ಕಿವಿ ಮರಳುವುದಿಲ್ಲ. ಮೊದಲ ವಾರಗಳಲ್ಲೇ ಗೊತ್ತಾದರೆ ದಿನಕ್ಕೊಂದು ಮಾತ್ರೆ, ಅಷ್ಟೇ ಔಷಧ. ಈ ಕಿಣ್ವ ಕತ್ತರಿಸಬಲ್ಲ ಹೊದಿಕೆಯೊಂದನ್ನು ಚಿನ್ನದ ಕಣಗಳಿಗೆ ತೊಡಿಸುವುದನ್ನು ತಕರಾರಮ್ಮ ಆರು ವರ್ಷ ಒದ್ದಾಡಿ ಸಾಧಿಸಿದ್ದರು. ಕಿಣ್ವವಿದ್ದರೆ ಹೊದಿಕೆ ಕತ್ತರಿಸಿಹೋಗಿ, ಕಣಗಳು ಗುಂಪುಗೂಡಿ, ಕೆಂಪು ನೀಲಿಯಾಗುತ್ತದೆ, ಮಗು ಕ್ಷೇಮ. ಕೆಂಪಾಗಿಯೇ ಉಳಿದರೆ ಮಗುವಿಗೆ ಮಾತ್ರೆ ಬೇಕು. ಕಾಗದದ ಮೇಲೆ ಒಣಗಿಸಿದ ಒಂದು ಹನಿ ರಕ್ತ ಸಾಕು, ಬೆಲೆಬಾಳುವ ಯಂತ್ರ ಬೇಡ.

ಇದನ್ನು ಹೆರಿಗೆ ಆಸ್ಪತ್ರೆಗೆ ಕೊಡುವ ಹೊತ್ತಿಗೆ ನಮ್ಮ ನಿರ್ದೇಶಕರಿಗೆ ಅವಸರ ಹತ್ತಿತು. ರಕ್ತದ ಕಾಗದ ನೆನೆಸಲು ತಕರಾರಮ್ಮ ವಾರಕ್ಕೊಮ್ಮೆ ತಾಜಾ ತಯಾರಿಸುತ್ತಿದ್ದ ಸಪ್ಪೆ ದ್ರವದ ಬದಲು, ಆಸ್ಪತ್ರೆಯಲ್ಲಿ ಸದಾ ಸಿಗುವ ಉಪ್ಪುನೀರಿನ ಬಾಟಲಿ ಸಾಕೆಂದು ಅವರು ನಿಶ್ಚಯಿಸಿದರು. ಉಪ್ಪು ಈ ಹೊದಿಕೆಯೊಳಗಿನ ಚಿನ್ನವನ್ನೂ ಗುಂಪುಗೂಡಿಸಿ ನೀಲಿ ಮಾಡುತ್ತದೆ, ಕಿಣ್ವವಿರಲಿ, ಬಿಡಲಿ. ತಕರಾರಮ್ಮ ಕುದಿಸಿಟ್ಟ ನಳಿಕೆಗಳು ಉಪ್ಪುನೀರಿನಲ್ಲಿ ಒಂದೊಂದಾಗಿ ನೀಲಿಯಾದವು. ಅವನ್ನು ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋದರು. ನಿರ್ದೇಶಕರು ಮಾಡಿದ್ದೇನು? ಸತ್ತ ನಳಿಕೆಯನ್ನೇ ಪರೀಕ್ಷೆಯಿಂದ ತೆಗೆದುಹಾಕಿದರು! ದಾದಿಯರಿಗೆ ಕುದಿಸುತ್ತ ಕೂರಲು ಪುರುಸೊತ್ತಿಲ್ಲ, ಎರಡು ನಳಿಕೆ ನೋಡಿದರೆ ತಾಯಂದಿರಿಗೆ ಗಾಬರಿ ಎಂದು ಕಾರಣ ಕೊಟ್ಟರು. ಸಾಕ್ಷಿ ಹೇಳಬೇಕಾದವನನ್ನು ಕಟಕಟೆಯಿಂದಲೇ ಇಳಿಸಿ ಕಳಿಸಿದ ಈ ಜಾಣತನವನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಐದು ತಿಂಗಳು, ನಾನೂರ ಹನ್ನೆರಡು ಮಕ್ಕಳು, ಎಲ್ಲರಿಗೂ ನೀಲಿ. ತಕರಾರಮ್ಮ ಮೂರು ಪತ್ರ ಬರೆದರು. ಮೂರಕ್ಕೂ "ಪರಿಶೀಲಿಸಲಾಗುವುದು" ಎಂಬ ಒಂದೇ ಉತ್ತರ. ಆ ಉತ್ತರ ಟೈಪಿಸಿದವನು ನಾನು. ಸಂಸ್ಥೆಯ ವರದಿ, ಪ್ರಕಟಣೆ, ಕರಪತ್ರಗಳನ್ನು ಬರೆಯುವುದು ನನ್ನ ಹೊಟ್ಟೆಪಾಡು. ತಾಯಂದಿರಿಗೆ ಹಂಚುವ ಕರಪತ್ರದಲ್ಲಿ "ನೀಲಿ ಬಂದರೆ ನಿಶ್ಚಿಂತೆ" ಎಂಬ ಸಾಲು ಹೊಳೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಅದನ್ನು ಓದಿ ತಕರಾರಮ್ಮ ತಮ್ಮ ಪ್ರಶ್ನೆ ಕೇಳಿದರು. ಎಲ್ಲದಕ್ಕೂ ಕೊಂಕು ತೆಗೆಯುವುದೇ ನಿಮ್ಮ ಸ್ವಭಾವ ಎಂದು ನಾನು ನಕ್ಕೆ. ಅವರು ನಗಲಿಲ್ಲ, ನೇರಳೆ ಬೆರಳಿನಿಂದ ಆ ಸಾಲನ್ನು ಒಮ್ಮೆ ಮುಟ್ಟಿ ಹೊರಟುಹೋದರು.

ನಂತರ ಆಸ್ಪತ್ರೆಯ ಸಭಾಂಗಣದಲ್ಲಿ ಪ್ರದರ್ಶನ ಏರ್ಪಾಡಾಯಿತು. ಮುಂದಿನ ಸಾಲಿನಲ್ಲಿ ದೊಡ್ಡ ಮನುಷ್ಯರು, ಮೇಜಿನ ಮೇಲೆ ಹತ್ತು ಮಕ್ಕಳ ರಕ್ತದ ಕಾಗದದ ಚೂರುಗಳಿದ್ದ ಹತ್ತು ನಳಿಕೆ. ಉಪ್ಪುನೀರು, ಮೇಲೆ ಕೆಂಪು ಚಿನ್ನದ ಹನಿ. ಕೆಲವೇ ನಿಮಿಷಗಳಲ್ಲಿ ಹತ್ತೂ ನೀಲಿ, ಸಭೆಯೆಲ್ಲ ಚಪ್ಪಾಳೆ. ಚಪ್ಪಾಳೆ ನಿಲ್ಲುತ್ತಿದ್ದಂತೆ ಕೊನೆಯ ಸಾಲಿನಿಂದ ಹಿಮ್ಮಡಿಯ ಸಪ್ಪಳ ಕೇಳಿಸಿತು. ಕಲೆಬಿದ್ದ ಕೋಟಿನಲ್ಲೇ ಬಂದಿದ್ದ ತಕರಾರಮ್ಮ, ಈ ಸಲ ಬೆರಳ ನಡುವೆ ನಿಜವಾದ ನಳಿಕೆ ಹಿಡಿದು, ಭುಜ ಅಲುಗಿಸದೆ ವೇದಿಕೆ ಹತ್ತಿದರು. ಕಂದು ಜೇಬಿನಿಂದ ಕಾಗದದ ಚೂರೊಂದನ್ನು ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ನಳಿಕೆಗೆ ಹಾಕಿದರು. ಅದೇ ಉಪ್ಪುನೀರು, ಅದೇ ಕೆಂಪು ಹನಿ. ನಿರ್ದೇಶಕರು ಮೈಕಿನಲ್ಲಿ ಏನೋ ಹಾಸ್ಯ ಮಾಡಿ ಸಮಯ ತುಂಬಿಸಲು ನೋಡುತ್ತಿದ್ದ ಹಾಗೆಯೇ ಅದೂ ನೀಲಿಯಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು, ಇದು ಯಾರ ಮಗುವಿನದು ಎಂದು ಅಕ್ಕರೆಯಿಂದಲೇ ವಿಚಾರಿಸಿದರು.

"ಇದು ಬರೀ ಕಾಗದ. ಈ ಮಗು ಹುಟ್ಟೇ ಇಲ್ಲ ಸಾರ್," ಎಂದರು ತಕರಾರಮ್ಮ. "ಆದ್ರೂ ಆರೋಗ್ಯವಾಗಿದೆಯಂತೆ."

ಮರುದಿನವೇ ಶಿಸ್ತಿನ ಹೆಸರಿನಲ್ಲಿ ಅವರನ್ನು ಉಗ್ರಾಣಕ್ಕೆ ವರ್ಗ ಮಾಡಿದರು, ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ. ಪರೀಕ್ಷೆಯನ್ನು "ತಾಂತ್ರಿಕ ಕಾರಣಗಳಿಂದ" ನಿಲ್ಲಿಸಲಾಗಿದೆಯೆಂದು ಪ್ರಕಟಣೆ ಹೊರಟಿತು. ಅದನ್ನೂ ಬರೆದವನು ನಾನೇ. ಆಸ್ಪತ್ರೆಯ ಬೀರುವಿನಲ್ಲಿ ಉಳಿದಿದ್ದ ರಕ್ತದ ಕಾಗದಗಳನ್ನು ಮತ್ತೆ ಪರೀಕ್ಷಿಸಲು ಯಾರೂ ಮುಂದೆ ಬರದಿದ್ದಾಗ, ಉಗ್ರಾಣದ ಮೂಲೆಯಲ್ಲೇ ಒಲೆಯಿಟ್ಟುಕೊಂಡು, ತಮ್ಮ ಸಪ್ಪೆ ದ್ರವದಲ್ಲಿ, ನಾನೂರ ಹನ್ನೆರಡು ಜೀವಂತ ನಳಿಕೆಗಳ ಪಕ್ಕದಲ್ಲಿ ನಾನೂರ ಹನ್ನೆರಡು ಸತ್ತ ನಳಿಕೆಗಳನ್ನಿಟ್ಟು, ಆ ಹೆಂಗಸು ಒಬ್ಬರೇ ಕೂತು ನೋಡಿದರು. ನಾನೂರ ಹನ್ನೊಂದು ಜೋಡಿಗಳಲ್ಲಿ ಒಂದು ನೀಲಿ, ಒಂದು ಕೆಂಪು. ಒಂದೇ ಒಂದು ಜೋಡಿಯಲ್ಲಿ ಎರಡೂ ಕೆಂಪು.

ಆ ಮಗುವಿನ ಮನೆಗೆ ಅವರ ಜೊತೆ ನಾನೂ ಹೋದೆ. ಇಕ್ಕಟ್ಟಿನ ಮೆಟ್ಟಿಲು ಹತ್ತಿ ಎರಡನೆಯ ಮಹಡಿ. ಒಣಗಲು ಹಾಕಿದ ಬಟ್ಟೆಗಳ ಕೆಳಗೆ ಆರು ತಿಂಗಳ ಹೆಣ್ಣುಮಗು ಮಲಗಿತ್ತು. ಬಾಗಿಲು ಗಾಳಿಗೆ ಧಡಾರೆಂದು ಹಾಕಿಕೊಂಡಾಗ ನಾನು ಬೆಚ್ಚಿದೆ, ಮಗು ಕದಲಲಿಲ್ಲ. "ಎಷ್ಟ್ ಸದ್ದಾದ್ರೂ ಏಳಲ್ಲ ಇವಳು, ಅಷ್ಟು ಸಾಧು," ಎಂದು ತಾಯಿ ಹೆಮ್ಮೆಪಟ್ಟಳು. ತಕರಾರಮ್ಮ ಕೂತರು. ಮಾತ್ರೆಯ ಡಬ್ಬಿಯನ್ನು ತಾಯಿಯ ಕೈಗಿತ್ತು, ಇವತ್ತಿನಿಂದಲೇ ಕೊಡಬೇಕೆಂದೂ, ಇದರಿಂದ ಸೆಳವು ಬರದಂತೆ ತಡೆಯಬಹುದೆಂದೂ, ಕಿವಿಯನ್ನು ಮಾತ್ರ ಬೇರೆ ವೈದ್ಯರಿಗೆ ತೋರಿಸಬೇಕೆಂದೂ ಒಂದೊಂದಾಗಿ ಹೇಳಿದರು. ತಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಳಗೆ ಹೋಗಿ, ನಾಲ್ಕು ಮಡಿಕೆ ಮಾಡಿ ಜೋಪಾನವಾಗಿಟ್ಟಿದ್ದ ಕರಪತ್ರ ತಂದು ಬಿಚ್ಚಿ, ನನ್ನ ಸಾಲಿನ ಮೇಲೆ ಬೆರಳಿಟ್ಟಳು.

"ಆವತ್ತು ನೀಲಿ ಬಂತು ಅಂದ್ರಲ್ಲ?"

"ಬಂತಮ್ಮ," ಎಂದರು ತಕರಾರಮ್ಮ. "ಎಲ್ಲರಿಗೂ ಬರ್ತಿತ್ತು."

ನನ್ನ ಕಡೆ ಅವರು ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು. ಅವರು ಉಗ್ರಾಣದಿಂದಲೇ ನಿವೃತ್ತರಾದರು. ನಿರ್ದೇಶಕರು ಇನ್ನೂ ದೊಡ್ಡ ಸಂಸ್ಥೆಯೊಂದರ ದೊಡ್ಡ ಕುರ್ಚಿಗೆ ಹೋದರು, ಅವರ ಬೀಳ್ಕೊಡುಗೆಯ ಭಾಷಣ ಬರೆದುಕೊಡಲು ಹೇಳಿದಾಗ ಮೊದಲ ಸಲ ನಾನು ಆಗುವುದಿಲ್ಲವೆಂದೆ, ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಇಂಥವರು ಪ್ರತಿಯೊಂದು ಕಚೇರಿಯಲ್ಲೂ ಒಬ್ಬೊಬ್ಬರಾದರೂ ಇರುತ್ತಾರೆ. ಅವರಿಗೆ ಒಳ್ಳೆಯ ಸುದ್ದಿಯೆಂದರೆ ಆಗುವುದಿಲ್ಲವೆಂದು ನಾವು ತಿಳಿದು ಅಡ್ಡಹೆಸರಿಟ್ಟು ನಗುತ್ತೇವೆ, ಕೊನೆಯ ಸಾಲಿನಲ್ಲಿ ಕೂರಿಸುತ್ತೇವೆ. ಒಳ್ಳೆಯ ಸುದ್ದಿಯ ಮೇಲೆ ನಿಜವಾದ ಆಸೆ ಇರುವುದು ಅವರಿಗೇ. ಆದ್ದರಿಂದಲೇ ಸುಳ್ಳಾದದ್ದನ್ನು ಒಳಗೆ ಬಿಟ್ಟುಕೊಳ್ಳಲು ಅವರಿಂದ ಆಗುವುದಿಲ್ಲ. ಅವರ ಮಾತು ಕೊನೆಗೆ ನಿಜವಾಯಿತು ಎಂದು ಆಮೇಲೆ ನಾವು ದೊಡ್ಡ ಮನಸ್ಸು ಮಾಡಿ ಒಪ್ಪಿಕೊಳ್ಳುತ್ತೇವೆ. ಕೊನೆಗೆ ಎಲ್ಲಿಂದ ಬಂತು? ಅದು ಮೊದಲ ದಿನವೇ ನಿಜವಾಗಿತ್ತು, ತಡ ಮಾಡಿದವರು ನಾವು. ನಮ್ಮ ಕಡತದಲ್ಲಿ ಆ ತಡ ಐದು ತಿಂಗಳು. ಎರಡನೆಯ ಮಹಡಿಯ ಆ ಮನೆಯಲ್ಲಿ ಅದು ಒಂದು ಮಗುವಿನ ಎರಡು ಕಿವಿ.