ಕುಂಕುಮ ಹಚ್ಚಿದ ಡಿಸ್ಕು

ಗೋಡೆಯ ಮೇಲೆ ಬಣ್ಣಬಣ್ಣದ ಬೆಳಕೊಂದು ಜಾರಿ ಹೋಯಿತು, ಸೊಸೆ ನೇತ್ರಾವತಿ ಸಿನಿಮಾ ಡಿಸ್ಕನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದಾಳೆ, ಇದೇನತ್ತೆ ಇಷ್ಟೊಂದು ಗೀರು — ನಾನು ಹೇಗೆ ಹೇಳಲಿ, ತೀರಿಕೊಂಡ ಯಜಮಾನರದೊಂದು ಫೋಟೋ ಇಲ್ಲದ ಮನೆ, ಹಿರಿಯರ ಹಬ್ಬಕ್ಕೆ ಎಡೆಯ ಮುಂದೆ ಏನಿಡಲಿ, ಡಿಸ್ಕನ್ನೇ ಇಟ್ಟೆ, ಹೊಳೆಯುವ ಮಗ್ಗುಲಲ್ಲೇ ಇವರಿದ್ದಾರೆಂದು ಅಲ್ಲೇ ಕುಂಕುಮ ಹಚ್ಚಿದೆ, ಮಾರನೆಯ ದಿನ ತಟ್ಟೆ ಒರೆಸಿದಂತೆ ಸೆರಗಿನಿಂದ ಸುತ್ತ ಸುತ್ತ ಒರೆಸಿದೆ, ಒಂಬತ್ತು ವರ್ಷ. ಯಲ್ಲದಕೆರೆ ಬಯಲಿಗೆ ಸಿನಿಮಾದವರು ಬಂದಿದ್ದಾಗ ಕುರಿ ಹೊಡ್ಕಂಡು ಹೋಗಪ್ಪ, ಈ ಕಡೆ ನೋಡಬ್ಯಾಡ ಅಂದರಂತೆ, ಇವರೋ, ಒಂದು ಮರಿ ಹಿಂದುಳಿಯಿತೆಂದು ನೋಡಿಯೇ ಬಿಟ್ಟರು, ಸಿನಿಮಾದಲ್ಲಿ ಅದು ಹಾಗೇ ಉಳಿಯಿತು, ಹೆಗಲ ಮೇಲೆ ಕಂಬಳಿ, ನಿಧಾನ ತಿರುಗುವ ಕತ್ತು, ಆಮೇಲೆ ಮುಖ, ಪೂರಾ ಮುಖ, ಮೂರು ಎಣಿಸುವಷ್ಟು ಹೊತ್ತು. ಆ ಸಿನಿಮಾ ಮೊಬೈಲಿನಲ್ಲಿ ಎಲ್ಲೂ ಇಲ್ಲ, ಹೊಸದುರ್ಗದಲ್ಲಿ ಡಿಸ್ಕು ಕೊಂಡ ಅಂಗಡಿಯಲ್ಲಿ ಈಗ ಚಪ್ಪಲಿ ಮಾರುತ್ತಾರೆ. ಎರಡು ಸಾಫ್ಟ್‌ವೇರ್ ಕಂಪ್ಯೂಟರಿಗೆ ಹಾಕೀನಿ ಕೇಳ್ರಿ ಅತ್ತೆ, ಮೊದಲನೇದು ಕೆಟ್ಟ ಜಾಗ ಬಿಟ್ಟು ಮಿಕ್ಕಿದ್ದೆಲ್ಲ ಕಾಪಿ ಮಾಡತೈತೆ, ಎರಡನೇದು ಕೆಟ್ಟಲ್ಲೇ ನಿಂತು ಮತ್ತೆ ಮತ್ತೆ ಓದತೈತೆ, ಸಿಕ್ಕರೆ ಮಾವನ ಮುಖ ಸಿಗತೈತೆ, ಆದ್ರೆ ಡಿಸ್ಕಿನ ನಡುವೆ ಸೀಳು ಬಿಟ್ಟೈತೆ, ಜಾಸ್ತಿ ತಿರುಗಿದ್ರೆ ಡಿಸ್ಕೇ ಒಡದು ಹೋಗಬೋದು, ನೀವೇ ಹೇಳ್ರಿ. ನಾನೇ? ಅರವತ್ತಕ್ಕೆ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತವಳು, ಬಾಯಲ್ಲಿ ಹೇಳದ ಇವರ ಹೆಸರನ್ನು ಸ್ಲೇಟಿನಲ್ಲಿ ಕಾಟಯ್ಯ ಎಂದು ಬರೆದು ಮೇಷ್ಟ್ರು ನೋಡುವ ಮೊದಲೇ ಒರೆಸಿದವಳು — ಅಲ್ಲೂ ಒರೆಸಿದೆ. ಕೆಟ್ಟದ್ದನ್ನು ಬಿಡುವುದಾದರೆ ಇವರನ್ನೇ ಬಿಡುತ್ತದೆ, ನಾಯಕಿ ಇರುತ್ತಾಳೆ, ಹಾಡಿರುತ್ತದೆ, ಕುರಿಗಳೂ ಇರುತ್ತವೆ. ಎರಡನೇದು ಅಂದೆ. ಇನ್ನೊಂದ್ಸಲ ಯೋಚನೆ ಮಾಡ್ರಿ. ಎರಡನೇದೇ ಕಣವ್ವ.

ಅರವತ್ತೊಂದು ಪರ್ಸೆಂಟ್, ಆಗಿನಿಂದ ಅರವತ್ತೊಂದೇ, ಡಿಸ್ಕು ತಿರುಗುವ ಡ್ರೈವಿನೊಳಗೆ ಕರ್ ಕರ್, ಕಲ್ಲು ಸಿಕ್ಕಿಕೊಂಡ ಬೀಸುಗಲ್ಲಿನ ಹಾಗೆ, ಸಾಕು ನಿಲ್ಲಿಸು ಎನ್ನಲೇ, ನಿಲ್ಲಿಸಿದರೆ ಮುಖ ಇಲ್ಲ, ನಿಲ್ಲಿಸದಿದ್ದರೆ — ಟಪ್ ಎಂದಿತು, ಒಳಗೇ ಡಿಸ್ಕು ಒಡೆಯಿತು, ನೇತ್ರಾವತಿ ನನ್ನ ಕಡೆ ನೋಡುತ್ತಿಲ್ಲ, ಕಾಪಿಯಾಗಿ ಬಂದಷ್ಟನ್ನು ಒತ್ತಿ ತೋರಿಸುತ್ತಾಳೆ, ಬಯಲು, ಧೂಳು, ಹಿಂದುಳಿದ ಮರಿ, ಹೆಗಲ ಮೇಲೆ ಕಂಬಳಿ, ತಿರುಗುತ್ತದೆ ಕತ್ತು, ಕಿವಿ ಕಂಡಿತು, ಇನ್ನಿಷ್ಟು, ಇನ್ನಿಷ್ಟೇ, ಅಲ್ಲಿಗೇ ನಿಂತಿತು, ಮತ್ತೆ ಒತ್ತವ್ವ — ಹೆಗಲ ಮೇಲೆ ಕಂಬಳಿ, ತಿರುಗುತ್ತದೆ ಕತ್ತು, ಕಿವಿ, ಮತ್ತೆ, ಕಂಬಳಿ, ಕತ್ತು, ಕಿವಿ