ದಿಲ್ಲಿಗೆ ಹೊರಟ ಮಣೆ

ಸೈಕಲ್ ತುಳಿಯುವುದರಲ್ಲಿ ಮೌನೇಶನಿಗೆ ಯಾರೂ ಹೆಸರಿಡುವಂತಿರಲಿಲ್ಲ. ಹತ್ತುವುದೊಂದೇ ಅವನಿಗೆ ಬರುತ್ತಿರಲಿಲ್ಲ.

ಅವನು ಕಲಿತದ್ದೇ ತಡವಾಗಿ, ಕೊಟ್ಟೂರಿನ ಗೊಬ್ಬರದ ಸೊಸೈಟಿಯಲ್ಲಿ ಕೆಲಸ ಸಿಕ್ಕಮೇಲೆ. ಅಪ್ಪ ಬಿಟ್ಟುಹೋದ ಎತ್ತರದ ಸೈಕಲ್ಲು, ಇವನದು ಗಿಡ್ಡ ಕಾಲು. ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು ಸೀಟಿಗೆ ಕುಂಡೆ ಊರಿದನೆಂದರೆ ಮುಂದಿನದೆಲ್ಲ ಸಲೀಸು. ಉಳಿದವರಂತೆ ಪೆಡಲಿನ ಮೇಲೆ ಒಂದು ಕಾಲಿಟ್ಟು ಓಡುತ್ತ ಇನ್ನೊಂದು ಕಾಲು ಎತ್ತಿಹಾಕಲು ಹೋದರೆ ಸೈಕಲ್ಲು ಒಂದು ಕಡೆ, ಇವನು ಒಂದು ಕಡೆ.

ದಿನಾ ಹೊತ್ತಿಗೆ ಸರಿಯಾಗಿ ಸೊಸೈಟಿಗೆ ತುಳಿದುಕೊಂಡು ಹೋಗುವ ಈ ಹುಡುಗನನ್ನು ನಿವೃತ್ತ ಡ್ರಿಲ್ ಮೇಷ್ಟ್ರು ಗುರುಬಸವರಾಜರು ನೋಡಿದ್ದರು. ಬಡವರ ಕಣ್ಣಿನ ಆಪರೇಷನ್ನಿಗೆ ದೇಣಿಗೆ ಕೂಡಿಸುತ್ತ ದಿಲ್ಲಿಯವರೆಗೆ ಹೋಗುವ ತಮ್ಮ ಸೈಕಲ್ ತಂಡಕ್ಕೆ ಅವರೇ ಕರೆದರು. ಮೌನೇಶ ಇಲ್ಲವೆನ್ನಲಿಲ್ಲ. ಅಂಥದೇ ಆಪರೇಷನ್ ಶಿಬಿರದಲ್ಲಿ ಅವನ ತಾಯಿ ಕೆಂಚಕ್ಕನಿಗೆ ಮತ್ತೆ ಕಣ್ಣು ಕಾಣುವಂತಾಗಿತ್ತು. ಪಟ್ಟಿ ಬಿಚ್ಚಿದ ದಿನ ಆಕೆ ಮಗನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಸೊರಗೀಯಲೇ!" ಎಂದಿದ್ದಳು. ಆ ಒಂದು ಮಾತಿಗಾಗಿ ದಿಲ್ಲಿಯೇನು, ಅದರಾಚೆಗೂ ತುಳಿಯಬೇಕೆಂದು ಅವನಿಗೆ ಅನಿಸಿತ್ತು.

ಮೇಷ್ಟ್ರ ನಿಯಮ ಬಿಗಿ. "ಮೊದ್ಲು ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿ ತಿರುಗಿ ಕೊಟ್ಟೂರಿಗೆ ಬರೂದು. ಅಷ್ಟರಾಗ ಯಾರ ಬಣ್ಣ ಏನು ಅಂತ ಗೊತ್ತಾಗ್ತೈತಿ. ಸರಿ ಕಾಣದವ್ರು ಕೊಟ್ಟೂರಿನಾಗ ಇಳೀತಾರ."

ಕೂಡ್ಲಿಗಿಯ ದಾರಿಯಲ್ಲಿ ಮೈಲುಗಲ್ಲುಗಳು ಅವನ ಕೈ ಹಿಡಿದವು. ನೀರಿಗೆಂದು ಎಲ್ಲರೂ ನಿಂತರೆ ಇವನು ಇನ್ನಷ್ಟು ಮುಂದೆ ಹೋಗಿ, ಮತ್ತೆ ಹತ್ತಲು ಅನುಕೂಲವಾಗಲೆಂದು ಕಲ್ಲಿನ ಪಕ್ಕದಲ್ಲೇ ಇಳಿಯುತ್ತಿದ್ದ. ತಂಡದ ಅಂಗನವಾಡಿ ಟೀಚರ್ ಸುಜಾತಾ ಇದನ್ನು ಗಮನಿಸಿದಳು.

"ಏನ್ ಮೌನೇಶಣ್ಣ, ಒಂದು ಕಲ್ಲೂ ಬಿಡದಂಗ ಮಾತಾಡಿಸ್ತೀರಲ್ಲ, ಎಲ್ಲಾ ನಿಮ್ಮ ಬೀಗರೇನ್ರಿ?"

ಕೂಡ್ಲಿಗಿಯಲ್ಲಿ ಹೆಣ್ಣುಮಕ್ಕಳು ಒಬ್ಬೊಬ್ಬರನ್ನೇ ಮಣೆಯ ಮೇಲೆ ನಿಲ್ಲಿಸಿ ಆರತಿ ಎತ್ತಿದರು. ಕೊನೆಯವನು ಮೌನೇಶ. ಕುಂಕುಮ ಹಚ್ಚಿಸಿಕೊಂಡು ಕೆಳಗೆ ನೋಡಿದ. ಕಾಲುಗಳಿದ್ದ ಎತ್ತರದ ಮಣೆ. ಸೈಕಲ್ಲನ್ನು ಹತ್ತಿರಕ್ಕೆ ಎಳೆದುಕೊಂಡು ಅಲ್ಲಿಂದಲೇ ಹತ್ತಿಬಿಟ್ಟ. ಯಾರಿಗೂ ಏನೂ ಅನಿಸಲಿಲ್ಲ. ದೇವರೇ ಕಳಿಸಿದ ಮಣೆ ಅದು!

ಅಲ್ಲಿಂದ ಮುಂದೆ ಅವನು ದೇವರ ಮೇಲೆ ಭಾರ ಹಾಕಲಿಲ್ಲ. ಎಸ್‌ಟಿಡಿ ಬೂತಿನಿಂದ ಮುಂದಿನ ಊರಿನವರಿಗೆ ತಾನೇ ಫೋನು ಮಾಡತೊಡಗಿದ. "ಆರತಿ ಇರ್ತೈತಲ್ರಿ? ಹಂಗಾರ ಮಣಿ ಮರೀಬ್ಯಾಡ್ರಿ. ಸ್ವಲ್ಪ ಎತ್ತರದ್ದು ಇರ್ಲಿ."

ಹಗರಿಬೊಮ್ಮನಹಳ್ಳಿಯಲ್ಲಿ ಮಣೆ ಬಂತು. ಹಡಗಲಿಯಲ್ಲಿ ರೇಷ್ಮೆ ಬಟ್ಟೆ ಹಾಸಿದ ಮಣೆಯ ಜೊತೆಗೆ ಒಂದು ಪ್ರಶ್ನೆಯೂ ಬಂತು. ಊರ ಯಜಮಾನ ಉಜ್ಜಿನಪ್ಪ ಎಲ್ಲರ ಮುಂದೆಯೇ ಕೇಳಿದ: "ಎತ್ತರದ ಮಣಿ ಬೇಕು ಅಂದ ಸಾಹೇಬ್ರು ಯಾರ್ರಿ?"

ಮೇಷ್ಟ್ರ ಮೀಸೆ ಅಲುಗಿತು. ತಂಡಕ್ಕೆ ಅಂದಿನಿಂದ ಮೌನೇಶ 'ಮದುಮಗ'ನಾದ. "ಮದುಮಗನಿಗೆ ಮೊದ್ಲು ಬಡಿಸ್ರಿ, ಸಿಟ್ಟು ಬಂದೀತು," ಎಂದಳು ಸುಜಾತಾ.

ಹರಪನಹಳ್ಳಿಯಲ್ಲಿ ಊಟವಾದ ಮೇಲೆ ಮೇಷ್ಟ್ರು ಅವನನ್ನು ಬದಿಗೆ ಕರೆದರು. "ನಾವು ಹೊಂಟಿದ್ದು ಕಣ್ಣಿಲ್ಲದವ್ರ ಸಲುವಾಗಿ. ನಮಗ ಸನ್ಮಾನ ಮಾಡ್ರಿ ಅಂತ ಫೋನು ಮಾಡಾಕಲ್ಲ. ನಾಳೆ ಕೊಟ್ಟೂರಿನಾಗ ನೀ ಇಳಿ."

ಮೌನೇಶ ಲೆಕ್ಕ ಹಾಕಿದ. ನಿಜ ಹೇಳಿದರೆ ಹತ್ತಲು ಬಾರದವನೆಂದು ಇಳಿಸುತ್ತಾರೆ. ಹೇಳದಿದ್ದರೆ ಸೊಕ್ಕಿನವನೆಂದು ಇಳಿಸುತ್ತಾರೆ. ಹುಟ್ಟಿದಾಗಿನಿಂದ ತನ್ನ ನೆರಳಿಗೂ ದಾರಿ ಬಿಟ್ಟು ನಡೆದವನಿಗೆ ಸೊಕ್ಕಿನವನೆಂಬ ಹೆಸರು!

ಮರುದಿನ ಚಿಗಟೇರಿಯಲ್ಲಿ ಚಹಾಕ್ಕೆ ನಿಂತರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಜಂಬಮ್ಮನೆಂಬ ಮುದುಕಿ ತನ್ನ ಮದುವೆಯ ಎತ್ತರದ ಮಣೆಯನ್ನೇ ಹೊತ್ತು ತಂದಿದ್ದಳು. "ಮಣಿ ಕೇಳೋ ಹುಡುಗ ಯಾವನಪಾ?"

"ಒಳಗ ಇಡವ್ವ ಅದನ್ನ," ಎಂದರು ಮೇಷ್ಟ್ರು. "ಎಲ್ಲಾರೂ ಹತ್ರಿ!"

ಎಲ್ಲರೂ ಹತ್ತಿದರು. ಮೌನೇಶ ಸುತ್ತ ನೋಡಿದ. ಕಟ್ಟೆ ಇಲ್ಲ, ಕಲ್ಲಿಲ್ಲ. ನೆಲಕ್ಕಿಂತ ಎತ್ತರವಾಗಿದ್ದುದೆಂದರೆ ರಸ್ತೆ ಬದಿಗೆ ಮಲಗಿದ್ದ ಒಂದು ಎಮ್ಮೆ.

"ಸರ," ಎಂದ. "ನನಗ ಸೈಕಲ್ ಹತ್ತಾಕ ಬರಂಗಿಲ್ರಿ."

"ಇದೊಂದು ಹೊಸಾ ನೆವ. ಹತ್ತಲೇ!"

ಅವನು ಹತ್ತಿದ. ಅಂದರೆ ಪೆಡಲಿನ ಮೇಲೆ ಕಾಲಿಟ್ಟು, ಕುಂಟಿ ಕುಂಟಿ ಓಡಿ, ಇನ್ನೊಂದು ಕಾಲು ಎತ್ತಿದ. ಸೈಕಲ್ಲು ಚಹಾದಂಗಡಿಯ ಕಡೆ ಹೋಯಿತು, ಇವನು ಎಮ್ಮೆಯ ಕಡೆ ಹೋದ. ಎಮ್ಮೆ ಎದ್ದು ನಿಂತು, ಇವನನ್ನೊಮ್ಮೆ ಮೂಸಿ, ತನಗೇನೂ ಸಂಬಂಧವಿಲ್ಲವೆಂಬಂತೆ ನಡೆಯಿತು.

ಊರೆಲ್ಲ ನಕ್ಕಿತು. ಸುಜಾತಾ ಬಾಯಿಗೆ ಸೆರಗು ಹಿಡಿದಳು. "ಅಯ್ಯ, ಅದಕ್ಕೇನ್ರಿ ಆ ಮೈಲುಗಲ್ಲಿನ ಬೀಗರು!"

"ಸೊಕ್ಕಲ್ಲಪ್ಪೋ ಇದು," ಎಂದಳು ಜಂಬಮ್ಮ, ಅವನ ಮೊಣಕಾಲಿನ ಮಣ್ಣು ಕೊಡವುತ್ತ. "ಕಾಲು ಗಿಡ್ಡ ಅದಾವ ಕೂಸಿಂದು."

ಮೇಷ್ಟ್ರು ಮೀಸೆ ಹಿಡಿದುಕೊಂಡರು. ಅದರ ಹಿಂದಿನ ನಗುವನ್ನು ನುಂಗಿದ ಮೇಲೆ ಹೇಳಿದರು: "ಹತ್ತಾಕ ಬರದವ ಇಷ್ಟೂರು ಒಂದು ಸಲಾನೂ ಹಿಂದ ಬೀಳದಂಗ ತುಳದಾನ. ಇವ್ನ ಬಿಟ್ಟು ಯಾರ್ನ ಕರ್ಕೊಂಡು ಹೋಗ್ಲಿ? ಯವ್ವಾ, ಆ ಮಣಿ ಕೊಡು."

"ಒಯ್ಯಿರಿ. ನಾನಂತೂ ದಾವಣಗೆರಿ ದಾಟಿಲ್ಲ. ಅದಾದ್ರೂ ದಿಲ್ಲಿ ನೋಡಿ ಬರ್ಲಿ."

ಮಣೆ ಕಟ್ಟಲು ಹಗ್ಗ ಕೈಗೆತ್ತಿಕೊಂಡಾಗ ಮೌನೇಶನಿಗೆ ಹೊಸ ಚಿಂತೆ ಹತ್ತಿತು. "ಸರ, ನಾ ಹತ್ತಿ ಹ್ವಾದಮ್ಯಾಲ ಮಣಿ ನೆಲದಾಗ ಉಳೀತೈತಲ್ರಿ. ಎತ್ತೋರು ಯಾರು?"

ಎಲ್ಲರೂ ಮೇಷ್ಟ್ರನ್ನು ನೋಡಿದರು.

ಕೊಟ್ಟೂರಿನ ಬೀಳ್ಕೊಡುಗೆಗೆ ಕೆಂಚಕ್ಕ ಮುಂದಿನ ಸಾಲಿನಲ್ಲೇ ನಿಂತಿದ್ದಳು, ಕಣ್ಣಗಲಿಸಿ. ಮಗ ಮಣೆಯಿಂದ ಸೈಕಲ್ ಏರಿ ಹೊರಟ. ಯಾವಾಗಲೂ ಮುಂದೆ ಇರುತ್ತಿದ್ದ ಮೇಷ್ಟ್ರು ಎಲ್ಲರಿಗಿಂತ ಹಿಂದೆ ಉಳಿದು, ಕೊರಳಿನ ಹಾರ ಜಾರದಂತೆ ಬಗ್ಗಿ, ಮಣೆ ಎತ್ತಿ ತಮ್ಮ ಕ್ಯಾರಿಯರ್‌ಗೆ ಕಟ್ಟಿದರು.

"ಮೇಷ್ಟ್ರೇ, ದಿಲ್ಲ್ಯಾಗ ಊಟಕ್ಕ ಕುಂದ್ರಾಕ ಮಣಿ ಸಿಗಂಗಿಲ್ಲೇನ್ರಿ?" ಎಂದು ಗುಂಪಿನಿಂದ ಯಾರೋ ಕೂಗಿದರು.

ಉತ್ತರ ಕೊಡುವಷ್ಟರಲ್ಲಿ ಮುಂದಿನಿಂದ ಕೂಗು ಬಂತು. "ಸರ, ಮಣಿ ತಗೊಂಡ್ರೇನ್ರಿ?"

"ತಗೊಂಡೀನಿ, ತುಳಿ!"

ಊರ ಹೊರಗಿನ ತಿರುವು ಬರುವ ಮೊದಲೇ ಮತ್ತೆ ಬಂತು: "ಹಗ್ಗ ಬಿಗಿ ಐತೇನ್ರಿ, ಸರ?"